"ಅಪ್ರೂವಲ್ ನನ್ನ ಜವಾಬ್ದಾರಿ" ಅನ್ನುವವರ ಕೈಗೆ ಹಳೇ ಮನೆ ಕೊಡಬೇಡಿ

ಮೈಸೂರಿನಲ್ಲಿ ತಾತ ಮುತ್ತಾತಂದಿರ ಕಾಲದ ಮನೆ ಇಟ್ಟುಕೊಂಡು, ಅದನ್ನು ಕೆಫೆಯೋ ಹೋಂ ಸ್ಟೇಯೋ ಮಾಡೋಣ ಅಂತ ಲೆಕ್ಕ ಹಾಕುತ್ತಿರುವವರು ದಯವಿಟ್ಟು ಇದನ್ನು ಓದಿ. ಚಾಮರಾಜಪುರಂನ ನಮ್ಮ ತಾತನ ಮನೆಗೆ ಆದ ಗತಿ ಇನ್ನೊಂದು ಮನೆಗೆ ಬರಬಾರದು.

ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆ. ಅಂಥ ಮನೆಯ ಮುಂಭಾಗ ಬದಲಿಸುವುದಕ್ಕೆ ಪಾಲಿಕೆಯ ಮಾಮೂಲಿ ಲೈಸೆನ್ಸ್ ಸಾಲದು, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪಾರಂಪರಿಕ ಸಮಿತಿ ನೋಡಿ ಒಪ್ಪಬೇಕು. ಚಿಕ್ಕಪ್ಪನಿಗೆ ಇದು ಗೊತ್ತಿತ್ತು. ಗೊತ್ತಿದ್ದರಿಂದಲೇ ಇಂಥ ಕೆಲಸದಲ್ಲಿ ಪಳಗಿದವರು ಅಂತ ಹೆಸರಿದ್ದ ಕನ್ಸಲ್ಟೆಂಟ್ ಒಬ್ಬರನ್ನು ಹಿಡಿದರು. "ಅಪ್ರೂವಲ್ ನನ್ನ ಜವಾಬ್ದಾರಿ ಸಾರ್, ನೀವು ಯಾವ ಬಣ್ಣ ಹೊಡೆಸಬೇಕು ಅಂತ ಯೋಚ್ನೆ ಮಾಡಿ ಸಾಕು" ಅಂದರು ಆ ಮಹಾಶಯರು. ಜೊತೆಗೆ ಒಂದು ಹೆದರಿಕೆ ಬೇರೆ: "ಹಂಗೇ ಬಿಟ್ರೆ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಥರ ಬಿದ್ದೋಗುತ್ತೆ ನೋಡಿ." 1892ರ ಆ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವ ಹೋದದ್ದು ಊರಿಗೆಲ್ಲ ಗೊತ್ತು. ಆದರೆ 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದದ್ದು ದುರಸ್ತಿ ನಡೆಯುತ್ತಿದ್ದಾಗಲೇ. ಅದನ್ನು ಇಂಥವರು ಯಾರೂ ಬಾಯಿ ಬಿಡುವುದಿಲ್ಲ.

ಅನುಮತಿ ಬಂತು ಅಂತ ಚಿಕ್ಕಪ್ಪನ ವಾಟ್ಸಾಪ್‌ಗೆ ಒಂದು ಫೋಟೋ ಬಂತು. ಕೊನೆಯ ಪುಟ ಮಾತ್ರ, ಸೀಲು ಸಹಿ ಚೆನ್ನಾಗಿ ಕಾಣುವ ಹಾಗೆ. ಮಾರನೇ ವಾರವೇ ಮೇಸ್ತ್ರಿ ಬಂದ. ಜಗಲಿಯ ಹಿಂದಿನ ಗೋಡೆ ಒಡೆದು ಅಗಲವಾದ ಗಾಜಿನ ಬಾಗಿಲು ಇಡುವುದು ಪ್ಲಾನು.

ಆ ಕಾಲದ ಮನೆಗಳಲ್ಲಿ ಪಿಲ್ಲರ್ ಇಲ್ಲ ಸ್ವಾಮಿ, ಭಾರವೆಲ್ಲ ಗೋಡೆಯ ಮೇಲೆ. ನಮ್ಮದು ಮದ್ರಾಸ್ ತಾರಸಿ. ಹತ್ತಿರ ಹತ್ತಿರ ತೇಗದ ತೊಲೆ ಜೋಡಿಸಿ, ಮೇಲೆ ತೆಳು ಇಟ್ಟಿಗೆಗಳನ್ನು ಗಾರೆಯಲ್ಲಿ ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಚೂರು ಸುಣ್ಣ ಹಾಕಿ ಬಡಿದು ಕೂರಿಸಿದ್ದು. ಆ ತೊಲೆಗಳ ತುದಿ ಕೂತಿರುವುದು ಅದೇ ಗೋಡೆಯಲ್ಲಿ. ಗೋಡೆ ತೆಗೆದು ತೆಳ್ಳನೆಯ ಕಬ್ಬಿಣದ ಬೀಮ್ ಕೊಟ್ಟರು. ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು ಎದ್ದಿತು, ಕಿರುಬೆರಳು ತೂರುವಷ್ಟು. ಸಂಜೆ ಹೊತ್ತು ಒಳಗೆ ನಿಂತರೆ ಅದರಿಂದ ಮರಳು ಉದುರುವ ಸದ್ದು ಕೇಳುತ್ತಿತ್ತು. ಮೇಸ್ತ್ರಿ ಅದಕ್ಕೂ ಸಿಮೆಂಟ್ ಮೆತ್ತಿದ.

ಯಾರೋ ದೂರು ಕೊಟ್ಟರು. ಕೊಟ್ಟವರು ಯಾರೇ ಆಗಲಿ, ಅವರ ಹೊಟ್ಟೆ ತಣ್ಣಗಿರಲಿ. ಅಧಿಕಾರಿಗಳು ಬಂದು ಕೆಲಸ ನಿಲ್ಲಿಸಿ ಫೈಲ್ ತೋರಿಸಿದಾಗ ಬಂಡವಾಳ ಬಯಲಾಯಿತು. ಅರ್ಜಿಯಲ್ಲಿ ಬರೆದದ್ದು "ಸಣ್ಣಪುಟ್ಟ ದುರಸ್ತಿ, ತಾರಸಿ ಸೋರಿಕೆ, ಸುಣ್ಣಬಣ್ಣ" ಇಷ್ಟೇ. ಅನುಮತಿ ಸಿಕ್ಕಿದ್ದೂ ಅಷ್ಟಕ್ಕೇ. ಗಾಜಿನ ಬಾಗಿಲ ಸುದ್ದಿಯೇ ಇಲ್ಲ.

ನಕ್ಷೆ ನೋಡಲು ಬಾರದವರೂ ಒಂದು ವಿಷಯ ನೋಡಬಹುದು. ಕಟ್ಟಡದ ನಕ್ಷೆಯಲ್ಲಿ ಹೊಸದಾಗಿ ಕಟ್ಟುವುದನ್ನು ಕೆಂಪು ಬಣ್ಣದಲ್ಲಿ, ಒಡೆಯುವುದನ್ನು ಹಳದಿ ಗೆರೆಯಲ್ಲಿ ತೋರಿಸುವುದು ಪದ್ಧತಿ. ನಮ್ಮ ಫೈಲಿನ ನಕ್ಷೆಯಲ್ಲಿ ಹಳದಿಯೇ ಇರಲಿಲ್ಲ. ಮೇಸ್ತ್ರಿಯ ಕೈಯಲ್ಲಿದ್ದದ್ದು ಬೇರೆಯೇ ನಕ್ಷೆ. ಅಡ್ವಾನ್ಸ್ ಕೊಡುವ ಮುಂಚೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ ಅನ್ನಿ. ಆಗಲ್ಲ ಅಂದರೆ ಬಾಗಿಲು ತೋರಿಸಿ ಕಳಿಸಿ.

ಈ ಸಿಮೆಂಟಿನ ಬಗ್ಗೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಹಳೇ ಗೋಡೆ ನೆಲದಿಂದ ತೇವ ಎಳೆಯುತ್ತದೆ, ಸುಣ್ಣದ ಗಾರೆ ಅದನ್ನು ಆಚೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಉಳಿದು, ಉಪ್ಪು ಕಟ್ಟಿ, ಮೆತ್ತನೆಯ ಇಟ್ಟಿಗೆ ಪುಡಿಯಾಗುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಹೊಸ ಪ್ಲಾಸ್ಟರ್ ಹಪ್ಪಳದ ಹಾಗೆ ಎದ್ದು ಬಂತು, ಹಿಂದೆ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು. ಈಗ ಅದನ್ನೆಲ್ಲ ಕೆರೆದು ಸುಣ್ಣದ ಗಾರೆಯನ್ನೇ ಹಾಕಿಸಬೇಕು. ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ ಗಾರೆ ಹದ ಮಾಡುವ ಕೈಗಳು ಎಷ್ಟು ಅಪರೂಪವೋ ಅಷ್ಟೇ ದುಬಾರಿ.

ಬಾಗಿಲ ಮೇಲೆ ಗಾರೆಯ ಗಜಲಕ್ಷ್ಮಿ ಇತ್ತು, ಅದೂ ಹೋಯಿತು. ಮೊದಲಿದ್ದ ಹಾಗೇ ಮಾಡಿಸಿ ಅಂತ ಆದೇಶ. ಕೆಲಸಕ್ಕೆ ಮುಂಚಿನ ಫೋಟೋ ಒಂದನ್ನೂ ಆ ಕನ್ಸಲ್ಟೆಂಟ್ ತೆಗೆದಿರಲಿಲ್ಲ. ಕೊನೆಗೆ ಅತ್ತೆಯ ಮದುವೆ ಆಲ್ಬಂನಲ್ಲಿ, ಮಾವಿನ ತೋರಣದ ಮರೆಯಲ್ಲಿ ಒಂದು ಆನೆಯ ಸೊಂಡಿಲು ಸಿಕ್ಕಿತು. ಸದ್ಯಕ್ಕೆ ನಮ್ಮ ಹತ್ತಿರ ಇರುವ ಸಾಕ್ಷಿ ಅದೊಂದೇ. ಕೆಲಸಕ್ಕೆ ಕೈ ಹಾಕುವ ಮುಂಚೆ ಪ್ರತಿ ಗೋಡೆ, ಕಿಟಕಿ, ಕಂಬದ ತಲೆಯ ಬೋದಿಗೆಯ ಫೋಟೋ ತೆಗೆದಿಡಿ, ಪಕ್ಕದಲ್ಲಿ ಅಳತೆ ಟೇಪು ಹಿಡಿದು.

ಇದೇ ವ್ಯಕ್ತಿ ಶ್ರೀರಂಗಪಟ್ಟಣದ ನಮ್ಮ ನೆಂಟರಿಗೂ ಗಾಳ ಹಾಕಿದ್ದರು: "ರಿಪೇರಿ ಅಂತ ಹಾಕಿ ಮೇಲೊಂದು ಫ್ಲೋರ್ ಎತ್ತೋಣ." ಅಲ್ಲಿ ಕಾನೂನು ಇನ್ನೂ ಬಿಗಿ. ದರಿಯಾ ದೌಲತ್‌ನಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ಇದ್ದದ್ದರ ದುರಸ್ತಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್‌ವರೆಗೆ ಏನು ಕಟ್ಟುವುದಕ್ಕೂ ಒಪ್ಪಿಗೆ ಬೇಕು. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ 100 ಮೀಟರ್ ಒಳಗೆ ಅಕ್ರಮವಾಗಿ ಕಟ್ಟಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮಹಡಿ ಏರಿಸುವುದು ಯಾವ ಲೆಕ್ಕದಲ್ಲೂ ದುರಸ್ತಿಯಲ್ಲ. ನೆಂಟರು ಬಚಾವಾದರು.

ನಮ್ಮ ವಿಷಯಕ್ಕೆ ಆತನ ಉತ್ತರ "ಓನರ್ ಸಹಿ ಇದೆಯಲ್ಲ ಸಾರ್" ಅಂತ. ಆಮೇಲೆ ಫೋನ್ ಎತ್ತಿಲ್ಲ. ಗೋಡೆ ಸದ್ಯ ಕಬ್ಬಿಣದ ಜಾಕ್ ಮೇಲೆ ನಿಂತಿದೆ, ವಕೀಲರ ನೋಟಿಸ್ ಹೋಗಿದೆ. ನಿಮ್ಮ ಹೆಸರಿನಲ್ಲೂ ಹೀಗೇ ಯಾರಾದರೂ ಅರ್ಜಿ ಹಾಕಿ ಪ್ರತಿ ಕೊಡದೆ ಸತಾಯಿಸುತ್ತಿದ್ದರೆ ಅವರ ಹಿಂದೆ ಅಲೆಯಬೇಡಿ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಕಚೇರಿ ಉತ್ತರ ಕೊಡಬೇಕು. ಅರ್ಜಿ, ನಕ್ಷೆ, ಸಮಿತಿಯ ಟಿಪ್ಪಣಿ ಮೂರನ್ನೂ ಹೆಸರಿಸಿ ಕೇಳಿ. ಬರೀ "ಫೈಲ್" ಅಂತ ಬರೆದರೆ ಆದೇಶದ ಒಂದು ಹಾಳೆ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ.