900 ರೂಪಾಯಿ ಸೋಲ್ಡರಿಂಗ್ ಕಿಟ್: ಮನೆಯಲ್ಲೇ ಮಾನಿಟರ್ ರಿಪೇರಿಗೆ ಸಾಕಾಗುತ್ತಾ?

ಐದಕ್ಕೆ ಮೂರು ಸ್ಟಾರ್. ಬೆಸುಗೆ ಹಾಕುವ ಐರನ್ ಒಂದನ್ನೇ ನೋಡಿದರೆ ನಾಲ್ಕು ಕೊಡಬಹುದಿತ್ತು, ಜೊತೆಗೆ ಬಂದ ಲೆಡ್ ವೈರ್‌ಗೆ (ಕರಗಿಸಿ ಬೆಸೆಯುವ ತಂತಿ) ಒಂದೂ ಜಾಸ್ತಿ.

ಆನ್‌ಲೈನ್‌ನಲ್ಲಿ 900 ರೂಪಾಯಿ ಆಸುಪಾಸಿಗೆ ಸಿಗುವ ಕಿಟ್ ಇದು. 25 ವ್ಯಾಟ್ ಸೋಲ್ಡರಿಂಗ್ ಐರನ್, ಸ್ಟ್ಯಾಂಡ್, ಲೆಡ್ ವೈರ್, ಬೆಸುಗೆ ಹಿಡಿಯಲು ಹಚ್ಚುವ ಪೇಸ್ಟ್, ಕರಗಿದ ಬೆಸುಗೆ ಎಳೆದುಕೊಳ್ಳುವ ಸಕ್ಕರ್, ಉಳಿದಿದ್ದನ್ನು ಹೀರುವ ತಾಮ್ರದ ವಿಕ್, ಒಂದು ಪುಟ್ಟ ಮಲ್ಟಿಮೀಟರ್, ಎಲ್ಲಾ ಒಂದೇ ಪೌಚಿನಲ್ಲಿ. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಇದೇ ಮಾಲು ಬೇರೆ ಬೇರೆ ಸ್ಟಿಕ್ಕರ್ ಹಚ್ಚಿಕೊಂಡು ಎಲ್ಲಾ ಕಡೆ ಮಾರಾಟಕ್ಕಿದೆ, ಫೋಟೊ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ನಾನು ತರಿಸಿದ್ದು ಮನೆಯಲ್ಲಿದ್ದ ಹಳೇ 19 ಇಂಚಿನ ಮಾನಿಟರ್‌ಗಾಗಿ. ಅದಕ್ಕೂ ಮುಂಚೆ ಐರನ್ ಕೈಯಲ್ಲಿ ಹಿಡಿದವನಲ್ಲ. ಸ್ವಿಚ್ ಹಾಕಿದರೆ ಪವರ್ ಲೈಟ್ ಮಿಣುಕುತ್ತಿತ್ತು, ಸ್ಕ್ರೀನ್ ಬರುತ್ತಿರಲಿಲ್ಲ. ಸುಮ್ನೆ ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಒಳಗೆ ಬಿಸಿಯಾಗಿ ಒಮ್ಮೊಮ್ಮೆ ತಾನೇ ಆನ್ ಆಗುತ್ತಿತ್ತು. ಈ ಥರ ಆದರೆ ಮೊದಲ ಅನುಮಾನ ಪವರ್ ಬೋರ್ಡಿನ ಕೆಪಾಸಿಟರ್ (ಕರೆಂಟ್ ತುಂಬಿಟ್ಟುಕೊಳ್ಳುವ ಬಿಡಿಭಾಗ) ಮೇಲೆ. ಸರ್ವಿಸ್ ಅಂಗಡಿಯವರು ಬಿಚ್ಚಿ ಕೂಡ ನೋಡದೆ "ಬೋರ್ಡೇ ಹೋಗ್ಯಾದ್ರಿ, ಹೊಸಾದು ತಗೊಳ್ರಿ" ಅಂದರು. ಅಲ್ಲಿಗೆ ಕಿಟ್ ಆರ್ಡರ್ ಮಾಡಿದೆ.

ಕಲಬುರಗಿಯಲ್ಲಿ ಏಪ್ರಿಲ್, ಮೇ ಬಂತೆಂದರೆ 42 ಡಿಗ್ರಿ ಮಾಮೂಲು. ಮಾನಿಟರ್ ಡಬ್ಬಿಯೊಳಗೆ ಅದಕ್ಕಿಂತ ಜಾಸ್ತಿ. ಕೆಪಾಸಿಟರ್ ಒಳಗಿರುವ ದ್ರಾವಣ ಕಾವಿಗೆ ಒಣಗುತ್ತಾ ಹೋಗುತ್ತದೆ, ಪ್ರತಿ 10 ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧ ಆಗುತ್ತದೆ ಅನ್ನುವುದು ಈ ಕೆಲಸದವರ ಅಂದಾಜು ಲೆಕ್ಕ. ಹೀಗಿರುವಾಗ ನಮ್ಮ ಊರಲ್ಲಿ ಇಷ್ಟು ವರ್ಷ ಓಡಿದ್ದೇ ದೊಡ್ಡದು ಬಿಡಿ.

ಬಿಚ್ಚುವುದಕ್ಕೆ ಕಿಟ್‌ನಲ್ಲಿ ಏನೂ ಇಲ್ಲ. ಹಾಸಿಗೆ ಮೇಲೆ ಟವೆಲ್ ಹಾಸಿ, ಸ್ಕ್ರೀನ್ ಕೆಳಗೆ ಮಾಡಿ ಮಲಗಿಸಿ. ಸ್ಟ್ಯಾಂಡಿನ ಸ್ಕ್ರೂ ತೆಗೆದರೂ ಅಂಚು ಬಿಡುವುದಿಲ್ಲ, ಸುತ್ತಲೂ ಪ್ಲಾಸ್ಟಿಕ್ ಲಾಕ್ ಇರುತ್ತವೆ. ಹಳೇ ಎಟಿಎಂ ಕಾರ್ಡ್ ತೂರಿಸಿ ಮೆಲ್ಲಗೆ ಎಬ್ಬಿಸುತ್ತಾ ಹೋಗಬೇಕು. ಸ್ಕ್ರೂ ಡ್ರೈವರ್ ತೂರಿಸಿದರೆ ಪ್ಯಾನೆಲ್‌ಗೇ ಪೆಟ್ಟು.

ಇಲ್ಲಿ ಒಂದು ವಿಷಯ ಖಡಕ್ಕಾಗಿ ಹೇಳುತ್ತೇನೆ. ಪವರ್ ಬೋರ್ಡಿನಲ್ಲಿ ದಪ್ಪಗೆ ಒಂದು ಕೆಪಾಸಿಟರ್ ಕಾಣುತ್ತದೆ, ಮೈಮೇಲೆ 400 ಅಥವಾ 450 ವೋಲ್ಟ್ ಅಂತ ಬರೆದಿರುತ್ತದೆ. ಮನೆಯ 230 ವೋಲ್ಟ್ ಎಸಿ ಈ ಬೋರ್ಡಿನಲ್ಲಿ ಡಿಸಿ ಆದಾಗ ಇದರಲ್ಲಿ ಸುಮಾರು 325 ವೋಲ್ಟ್ ತುಂಬಿಕೊಳ್ಳುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಅರ್ಧ ಗಂಟೆ ಬಿಡಿ, ಆಮೇಲೆ ಮೀಟರ್ ಇಟ್ಟು ನೋಡಿ. ಇನ್ನೂ ವೋಲ್ಟ್ ತೋರಿಸಿದರೆ ಹಳೇ ಫಿಲಮೆಂಟ್ ಬಲ್ಬ್ ಹಾಕಿದ ಹೋಲ್ಡರ್‌ಗೆ ಎರಡು ವೈರ್ ಕಟ್ಟಿ, ಇನ್ಸುಲೇಷನ್ ಇರುವ ಕಡೆ ಹಿಡಿದು ಕೆಪಾಸಿಟರ್‌ನ ಎರಡು ಕಾಲಿಗೆ ಮುಟ್ಟಿಸಿ ಇಳಿಸಬೇಕು, ಮತ್ತೆ ಅಳೆಯಬೇಕು. ಕೆಲವು ವಿಡಿಯೋಗಳಲ್ಲಿ ಸ್ಕ್ರೂ ಡ್ರೈವರ್ ಇಟ್ಟು ಚಟ್ ಅನ್ನಿಸುತ್ತಾರೆ, ಅದನ್ನು ನಕಲು ಮಾಡಬೇಡಿ. ಕಿಟ್‌ನ ಮೀಟರ್ ಇಷ್ಟಕ್ಕೆ ಸಾಕು. ಅದರಲ್ಲಿ ಕೆಪಾಸಿಟರ್ ಅಳೆಯುವ ರೇಂಜ್ ಇಲ್ಲ, ಕಣ್ಣಿಗೆ ಕಂಡಿದ್ದನ್ನೇ ನಂಬಬೇಕು.

ಕಣ್ಣಿಗೆ ಕಂಡೇ ಕಂಡಿತು. ಔಟ್‌ಪುಟ್ ಕಡೆಯ ಚಿಕ್ಕ ಕೆಪಾಸಿಟರ್‌ಗಳ ತಲೆ ಉಬ್ಬಿತ್ತು, ಮೇಲಿನ ಗೀರು ಬಿರಿದು ಒಂದರಿಂದ ಕಂದು ಬಣ್ಣದ ಅಂಟು ಹೊರಗೆ ಬಂದು ಒಣಗಿತ್ತು. ಮೇಲೆ 1000 ಮೈಕ್ರೋ ಫ್ಯಾರಡ್ (ಎಷ್ಟು ತುಂಬಿಕೊಳ್ಳುತ್ತದೆ ಅನ್ನುವ ಅಳತೆ), 16 ವೋಲ್ಟ್ ಅಂತಿತ್ತು. ಹಳೇದನ್ನೇ ಜೇಬಿಗೆ ಹಾಕಿಕೊಂಡು ನಮ್ಮೂರಿನ ಸೂಪರ್ ಮಾರ್ಕೆಟ್ ಏರಿಯಾ ಕಡೆಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಅಲ್ಲಿನ ಕಾಕಾ ತಿರುಗಿಸಿ ನೋಡಿ, "ಇಪ್ಪತ್ತೈದು ವೋಲ್ಟಿಂದು ಹಾಕ್ರಿ, ನಡಿತದ. ನೂರಾ ಐದು ಡಿಗ್ರಿದೇ ತಗೊಳ್ರಿ, ಎಂಬತ್ತೈದರದು ಬ್ಯಾಡ" ಅಂದರು. ಮಾತು ಸರಿ, ಡಿಗ್ರಿ ಅಂದರೆ ಅದು ತಡೆಯುವ ಕಾವು. ಮೈಕ್ರೋ ಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಇರಲಿ ಇಲ್ಲಾ ಜಾಸ್ತಿ ಇರಲಿ, ಕಡಿಮೆ ಮಾತ್ರ ಬೇಡ. ಲೋ ಇಎಸ್‌ಆರ್ (ಒಳಗಿನ ತಡೆ ಕಡಿಮೆ ಇರುವುದು) ಅಂತ ಕೇಳಿ ತಗೊಳ್ಳಿ, ಎತ್ತರ ಮತ್ತು ದಪ್ಪ ಕೂಡುತ್ತಾ ಅಂತಲೂ ನೋಡಿ. ಒಂದಕ್ಕೆ ಹದಿನೈದು ರೂಪಾಯಿ. ಈ ಅಂಗಡಿಗೆ ಬೇಕಾದರೆ ಐದಕ್ಕೆ ಐದು ಕೊಡುತ್ತೇನೆ, ಇಷ್ಟು ಚಿಲ್ಲರೆ ಮಾಲಿಗೂ ಯಾರೂ ಮುಖ ಸಿಂಡರಿಸಲಿಲ್ಲ.

ಈಗ ಕಿಟ್ ವಿಷಯ. ಐರನ್ ಐದು ನಿಮಿಷದಲ್ಲಿ ಕಾಯುತ್ತದೆ, ಹಿಡಿ ಬಿಸಿಯಾಗುವುದಿಲ್ಲ, ಬಿಟ್ (ತುದಿ) ಚೂಪಾಗಿದೆ. ಕಷ್ಟ ಆಗಿದ್ದು ಕೆಪಾಸಿಟರ್‌ನ ಗ್ರೌಂಡ್ (ಮೈನಸ್) ಕಾಲಿನಲ್ಲಿ. ಅಲ್ಲಿ ತಾಮ್ರದ ಪಟ್ಟಿ ಅಗಲ ಇರುವುದರಿಂದ ಕಾವೆಲ್ಲಾ ಅದೇ ಹೀರಿಕೊಳ್ಳುತ್ತದೆ, 25 ವ್ಯಾಟ್ ಒದ್ದಾಡುತ್ತದೆ. ಹಳೇ ಬೆಸುಗೆ ಮೇಲೆ ಸ್ವಲ್ಪ ಹೊಸ ಲೆಡ್ ಬಿಟ್ಟರೆ ಬೇಗ ಕರಗುತ್ತದೆ, ಆಗ ಸಕ್ಕರ್ ಒತ್ತಬೇಕು. ಸಕ್ಕರ್ ಸ್ಪ್ರಿಂಗ್ ಸಪ್ಪೆ, ಅರ್ಧ ಎಳೆದು ಅರ್ಧ ಬಿಡುತ್ತದೆ. ಉಳಿದಿದ್ದನ್ನು ವಿಕ್ ಚೆನ್ನಾಗಿ ಎತ್ತಿತು.

ಲೆಡ್ ವೈರ್ ಮಾತ್ರ ಶುದ್ಧ ದಂಡ. ಕರಗಿದರೂ ಹರಿಯುವುದಿಲ್ಲ, ಕಾಲಿಗೆ ಹಿಡಿಯದೆ ಮಂಕು ಗೋಲಿಯಾಗಿ ಬಿಟ್‌ಗೇ ಅಂಟುತ್ತದೆ. ಅದೇ ಕಾಕಾ ಹತ್ತಿರ 60/40 ವೈರ್ (60 ಪಾಲು ತವರ, ಉಳಿದದ್ದು ಸೀಸ) ಸಣ್ಣ ರೋಲ್ ತಂದೆ, 190 ಡಿಗ್ರಿಯೊಳಗೇ ಕರಗುವ ಮಾಲು. ಅದೇ ಐರನ್, ಅದೇ ಕೈ, ಈಗ ಬೆಸುಗೆ ಹೊಳೆಯುತ್ತಾ ಕೂತಿತು. ಇದರಲ್ಲಿ ಸೀಸ ಇರುತ್ತದೆ, ಕಿಟಕಿ ತೆಗೆದು ಮಾಡಿ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಹಾಕುವಾಗ ಕೆಪಾಸಿಟರ್ ಮೈಮೇಲಿನ ಪಟ್ಟೆ ಇರುವ ಕಡೆ ಮೈನಸ್. ಹಳೇದು ಬಿಚ್ಚುವ ಮುಂಚೆಯೇ ಫೋನ್‌ನಲ್ಲಿ ಫೋಟೊ ಹೊಡೆದುಕೊಳ್ಳಿ. ಉಲ್ಟಾ ಹಾಕಿದರೆ ಸಿಡಿಯುತ್ತದೆ. ನನ್ನದು ಜೋಡಿಸಿ ಸ್ವಿಚ್ ಹಾಕಿದ ತಕ್ಷಣ ಬಂತು, ಈಗ ಮಕ್ಕಳ ಆನ್‌ಲೈನ್ ಕ್ಲಾಸ್ ಅದರಲ್ಲೇ ನಡೆಯುತ್ತಿದೆ.

ಕಿಟ್ ತಗೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಕತ್ತಲೆ ರೂಮಿನಲ್ಲಿ ಮಾನಿಟರ್ ಆನ್ ಮಾಡಿ ಸ್ಕ್ರೀನ್ ಮೇಲೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡರೆ ಬ್ಯಾಕ್‌ಲೈಟ್ ತೊಂದರೆ, ಅದಕ್ಕೂ ಕೆಪಾಸಿಟರ್ ಕಾರಣ ಇರಬಹುದು, ಇಲ್ಲದೆಯೂ ಇರಬಹುದು. ಉದ್ದುದ್ದ ಬಣ್ಣದ ಗೆರೆ ಬಂದಿದ್ದರೆ ಅಥವಾ ಗಾಜು ಒಡೆದಿದ್ದರೆ ಈ ಕಿಟ್‌ನಿಂದ ಏನೂ ಆಗುವುದಿಲ್ಲ, 900 ರೂಪಾಯಿ ಉಳಿಸಿಕೊಳ್ಳಿ. ವಾರಂಟಿ ಇದ್ದರಂತೂ ಸ್ಕ್ರೂ ಮುಟ್ಟಲೇಬೇಡಿ.