ಭಾರದ ಸಾಣೆ ಚಕ್ರ ಕೊಳ್ಳುವ ಮೊದಲು ಮೋಟಾರಿನ ಮೇಲಿನ ವಿವರದ ಪಟ್ಟಿ ಓದಿ

ನನ್ನ ಬೆಂಚ್ ಗ್ರೈಂಡರಿನ (ಮೇಜಿನ ಮೇಲೆ ಕೂರಿಸುವ ಸಾಣೆ ಯಂತ್ರ) ಮೋಟಾರ್ ಸುಟ್ಟುಹೋಯಿತು. ಸಾಣೆ ಹಿಡಿಯುವಾಗ ಅಲ್ಲ, ಸ್ವಿಚ್ ಹಾಕಿ ಹದಿನೈದು ಇಪ್ಪತ್ತು ಸೆಕೆಂಡಾಗುವಷ್ಟರಲ್ಲಿ. ಉಳಿ ಇನ್ನೂ ನನ್ನ ಕೈಯಲ್ಲೇ ಇತ್ತು.

ಗ್ರೈಂಡರ್ 8 ಇಂಚಿನದು, 2850 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು. ಜೊತೆಗೆ ಬಂದ ಕಲ್ಲುಗಳು ಒಂದೊಂದೂ ಸುಮಾರು ಎರಡು ಕಿಲೋ. ಕಲ್ಲು ಸವೆಯುತ್ತದೆ, ಆಗಾಗ ಡ್ರೆಸ್ ಮಾಡಬೇಕು (ಮೇಲ್ಮೈ ಕೆರೆದು ಸಮ ಮಾಡಬೇಕು), ಕೋಣೆ ತುಂಬ ಧೂಳು. ಬೇಸತ್ತು ಎರಡು ಸಿಬಿಎನ್ ಚಕ್ರ ತರಿಸಿದೆ. ಉಕ್ಕಿನ ಚಕ್ರ, ಅಂಚಿಗೆ ಬೋರಾನ್ ನೈಟ್ರೈಡ್ ಹರಳಿನ ಲೇಪ. ಹೈಸ್ಪೀಡ್ ಸ್ಟೀಲ್ ಉಳಿಗಳಿಗೆ ಅದರಷ್ಟು ಚೆನ್ನಾಗಿರುವುದು ಇನ್ನೊಂದಿಲ್ಲ, ಅದು ಈಗಲೂ ನನ್ನ ಮಾತು. ಆದರೆ ಒಂದೊಂದೂ ಐದು ಕಿಲೋ. ಕೊಳ್ಳುವಾಗ ನಾನು ಕೇಳಿದ್ದು ಒಂದೇ ಪ್ರಶ್ನೆ, ಶಾಫ್ಟಿಗೆ ತೂತು ಸರಿಹೋಗುತ್ತಾ ಅಂತ. ಸರಿಹೋಯಿತು.

ಮೊದಲು ನಾಲ್ಕೈದು ಸೆಕೆಂಡಿಗೆ ವೇಗ ಹಿಡಿಯುತ್ತಿದ್ದ ಮೋಟಾರ್ ಈಗ ಗುಂಯ್ ಎಂದು ನರಳುತ್ತಾ ಹದಿನೈದು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಎರಡು ಸಲ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಬಿತ್ತು. ಎಂಸಿಬಿ ಹಳೆಯದು ಅಂದುಕೊಂಡೆ. ಆಮೇಲೆ ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಸ್ವಿಚ್ ಹಾಕುವ ಅಭ್ಯಾಸ ಮಾಡಿಕೊಂಡೆ. ಬೆರಳು ಹತ್ತೂ ಉಳಿದಿವೆ, ಪುಣ್ಯ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಒಮ್ಮೆ ವೇಗ ಹಿಡಿದರೆ ಎಲ್ಲ ಸರಿ ಅನ್ನಿಸುತ್ತದೆ, ಮೋಸ ಇರುವುದೇ ಅಲ್ಲಿ. ಸಾಣೆಗೆ ಬೇಕಾದ್ದು ಹಗುರ ಸ್ಪರ್ಶ, ಮೋಟಾರಿಗೆ ಅದು ಲೆಕ್ಕಕ್ಕೇ ಇಲ್ಲ. ಮೇಲಾಗಿ ಭಾರದ ಚಕ್ರ ತನ್ನ ರಭಸದಲ್ಲೇ ತಿರುಗುತ್ತಾ ಮೋಟಾರಿನ ಬಡತನವನ್ನು ಮುಚ್ಚಿಡುತ್ತದೆ. ಕಷ್ಟವೆಲ್ಲ ನಿಂತ ಚಕ್ರವನ್ನು ಎಬ್ಬಿಸುವುದರಲ್ಲಿ.

ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗಿನವರು ಬಿಚ್ಚಿ ತೋರಿಸಿದರು. ರನ್ನಿಂಗ್ ಕಾಯಿಲ್ ಚೆನ್ನಾಗಿತ್ತು, ಸ್ಟಾರ್ಟಿಂಗ್ ಕಾಯಿಲ್ ಕರಿ ಇದ್ದಿಲು. ಅದರ ತಂತಿ ಸಣ್ಣದು, ಕೆಲವೇ ಸೆಕೆಂಡು ಕೆಲಸ ಮಾಡಲೆಂದು ಇಟ್ಟಿರುವುದು. ಮೋಟಾರ್ ಸುಮಾರು ಮುಕ್ಕಾಲು ವೇಗ ಮುಟ್ಟಿದಾಗ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ಅದನ್ನು ಬಿಡಿಸುತ್ತದೆ. ನನ್ನದು ಆ ವೇಗ ಮುಟ್ಟಲು ಒದ್ದಾಡುತ್ತಿದ್ದಷ್ಟು ಹೊತ್ತೂ ಕಾಯಿಲ್ ಬೇಯುತ್ತಿತ್ತು. ಅದೂ ಒಂದೊಂದು ಉಳಿಗೂ ಸಲ ಸಲ ಆನ್, ಆಫ್ ಮಾಡುತ್ತಿದ್ದವನು ನಾನು.

ಆಗ ಮೊದಲ ಬಾರಿಗೆ ಪಟ್ಟಿ ಓದಿದೆ. 370 ವ್ಯಾಟ್. ಅರ್ಧ ಎಚ್‌ಪಿ ಅಲ್ವಾ ಅಂದೆ. ಒಂದು ಎಚ್‌ಪಿ ಅಂದರೆ 746 ವ್ಯಾಟ್, ಲೆಕ್ಕ ಸರಿ. ಆದರೆ ಪಟ್ಟಿಯಲ್ಲಿದ್ದದ್ದು ಮೋಟಾರ್ ಎಳೆಯುವ ಕರೆಂಟಿನ ಲೆಕ್ಕ, ಶಾಫ್ಟಿಗೆ ಬರುವ ಬಲ ಅದಕ್ಕಿಂತ ಕಡಿಮೆ. ಪಕ್ಕದಲ್ಲೇ ‘ಎಸ್2 30 ನಿಮಿಷ’ ಎಂದೂ ಇತ್ತು, ಅಂದರೆ ಅರ್ಧ ಗಂಟೆ ಓಡಿಸಿದರೆ ಪೂರ್ತಿ ತಣ್ಣಗಾಗಲು ಬಿಡಬೇಕು.

ರಿವೈಂಡಿಂಗಿನವರು ಹೇಳಿದ ಇನ್ನೊಂದು ಮಾತು ನನಗೆ ಹೊಳೆದೇ ಇರಲಿಲ್ಲ. ಅದೇ ಚಕ್ರವನ್ನು 1425 ಆರ್‌ಪಿಎಂ ಮೋಟಾರಿಗೆ ಹಾಕಿದರೆ ವೇಗ ಅರ್ಧ, ಆದರೆ ಎಬ್ಬಿಸಲು ಬೇಕಾದ ಶಕ್ತಿ ಕಾಲುಭಾಗ ಮಾತ್ರ. ಅದೇ ಎಚ್‌ಪಿಗೆ ತಿರುಗಿಸುವ ಬಲವೂ ಎರಡರಷ್ಟು ಸಿಗುತ್ತದೆ. ತೂಕ ಎಲ್ಲಿದೆ ಎನ್ನುವುದೂ ಮುಖ್ಯ. ನಡುವಿನ ಒಂದು ಕಿಲೋಗಿಂತ ಅಂಚಿನ ಒಂದು ಕಿಲೋ ಎಬ್ಬಿಸುವುದು ಬಹಳ ಕಷ್ಟ. ಅಲ್ಯೂಮಿನಿಯಂ ಮೈಯ ಸಿಬಿಎನ್ ಚಕ್ರವೂ ಸಿಗುತ್ತದೆ. ಆ ಲೋಹದ ತೂಕ ಉಕ್ಕಿನ ಮೂರನೇ ಒಂದು ಭಾಗದಷ್ಟು.

ಇನ್ನೊಂದು ವಿಷಯ. ಆಫ್ ಮಾಡಿದ ಮೇಲೂ ಉಕ್ಕಿನ ಚಕ್ರ ನಿಮಿಷಗಟ್ಟಲೆ ಸದ್ದಿಲ್ಲದೆ ತಿರುಗುತ್ತಿರುತ್ತದೆ. ನಿಂತಿದೆ ಅಂದುಕೊಂಡು ಒಮ್ಮೆ ಒರೆಸಲು ಬಟ್ಟೆ ಚಾಚಿದ್ದೆ.

ಈಗ ರಿವೈಂಡ್ ಆದ ಮೋಟಾರಿಗೆ ಒಂದು ಕಡೆ ಹಳೆಯ ಕಲ್ಲು, ಇನ್ನೊಂದು ಕಡೆ ಅಲ್ಯೂಮಿನಿಯಂ ಚಕ್ರ ಹಾಕಿದ್ದೇನೆ. ಐದಾರು ಸೆಕೆಂಡಿಗೆ ಏಳುತ್ತದೆ. ಉಕ್ಕಿನವೆರಡೂ ಡಬ್ಬಿಯಲ್ಲಿವೆ, ಮುಕ್ಕಾಲು ಎಚ್‌ಪಿಗೆ ಕಡಿಮೆಯಿಲ್ಲದ ನಿಧಾನದ ಗ್ರೈಂಡರ್ ಬರುವ ತನಕ.