ಜಪಾನಿನ ಮಗು, ಅಮೆರಿಕದ ಮಗು: ಶಿರಸಿಯ ಭಾನುವಾರದ ತರಗತಿಯ ಕುರಿತು

ಈ ಮಳೆಗಾಲದಲ್ಲಿ ಶಿರಸಿಯ ಬಾಡಿಗೆ ಸಭಾಂಗಣವೊಂದರಲ್ಲಿ ಮಕ್ಕಳ ಬೆಳವಣಿಗೆಯ ಬಗ್ಗೆ ಭಾನುವಾರ ಮಧ್ಯಾಹ್ನದ ತರಗತಿಗಳು ನಡೆದವು. ವಯಸ್ಸು, ಲಿಂಗ ಮತ್ತು ಸಂಸ್ಕೃತಿ ಮನುಷ್ಯನ ಮನೋಭಾವವನ್ನು ಹೇಗೆ ರೂಪಿಸುತ್ತವೆ ಎಂಬುದನ್ನು ಜಪಾನ್ ಮತ್ತು ಅಮೆರಿಕದ ಸಂಶೋಧನೆಗಳ ಮೂಲಕ ಕನ್ನಡದಲ್ಲಿ ತಿಳಿಸುವುದು ಇವುಗಳ ಉದ್ದೇಶವಾಗಿತ್ತು. ಎಳೆಯ ಮಕ್ಕಳ ತಾಯ್ತಂದೆಯರು, ಅಂಗನವಾಡಿಯ ಅಕ್ಕೋರುಗಳು, ಬಾಣಂತನಕ್ಕೆಂದು ವಿದೇಶಕ್ಕೆ ಹೊರಟು ನಿಂತ ಅಜ್ಜಿಯರು ಒಂದೇ ಕೋಣೆಯಲ್ಲಿ ಕುಳಿತು ಕೇಳಿದ ತರಗತಿಯಿದು. ಪ್ರಾಥಮಿಕ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದವಳಾದ ನಾನು ಅದನ್ನು ಆರಂಭದಿಂದ ಕೊನೆಯವರೆಗೆ ಕೇಳಿದ್ದೇನೆ. ಕೊಟ್ಟ ಸಾವಿರದ ಇನ್ನೂರು ರೂಪಾಯಿಗೆ ನ್ಯಾಯ ಸಿಕ್ಕಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ತರಗತಿಯ ಎಲ್ಲ ಭಾಗಗಳೂ ಒಂದೇ ಮಟ್ಟದಲ್ಲಿರಲಿಲ್ಲ.

ಶೈಶವದ ಕುರಿತ ಪಾಠಗಳು ಬಹಳ ಚೆನ್ನಾಗಿದ್ದವು. ವಿಲಿಯಂ ಕಾಡಿಲ್ ಮತ್ತು ಹೆಲೆನ್ ವೈನ್‌ಸ್ಟೀನ್ ಅವರು 1969ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಪಾಠ ಶುರುವಾಯಿತು. ಮೂರು–ನಾಲ್ಕು ತಿಂಗಳಿನ ಮೂವತ್ತು ಜಪಾನಿ ಕೂಸುಗಳನ್ನೂ ಮೂವತ್ತು ಅಮೆರಿಕನ್ ಕೂಸುಗಳನ್ನೂ ಅವರವರ ಮನೆಗಳಲ್ಲೇ ಗಮನಿಸಿದ ಅಧ್ಯಯನವದು. ಅಮೆರಿಕದ ತಾಯಂದಿರು ಕೂಸಿನೊಡನೆ ಹೆಚ್ಚು ಮಾತನಾಡುತ್ತಿದ್ದರು, ಅಲ್ಲಿನ ಕೂಸುಗಳೂ ಖುಷಿಯಿಂದ ಹೆಚ್ಚು ದನಿ ಮಾಡುತ್ತಿದ್ದವು. ಜಪಾನಿನ ತಾಯಂದಿರು ಕೂಸನ್ನು ಎತ್ತಿಕೊಂಡು, ತೂಗಿ, ಸಮಾಧಾನಪಡಿಸುವುದರಲ್ಲಿ ಹೆಚ್ಚು ಹೊತ್ತು ಕಳೆಯುತ್ತಿದ್ದರು. ಮಾತು ಕಲಿಯುವ ಮುನ್ನವೇ ಮಗು ತನ್ನ ಸಮಾಜದ ನಡೆಯನ್ನು ಕಲಿಯತೊಡಗುತ್ತದೆ ಎಂಬುದನ್ನು ಉಪನ್ಯಾಸಕಿ ಇದರಿಂದಲೇ ತೋರಿಸಿದರು.

ಇಡೀ ತರಗತಿಯ ಜೀವಾಳವೆನ್ನಬಹುದಾದ ಪಾಠ ಇದರ ಮುಂದಿನದು. ಬಾಲ್ಟಿಮೋರ್‌ನಲ್ಲಿ ಮೇರಿ ಐನ್ಸ್‌ವರ್ತ್ ರೂಪಿಸಿದ ಪರೀಕ್ಷೆಯಲ್ಲಿ, ಸುಮಾರು ಒಂದು ವರ್ಷದ ಮಗುವನ್ನು ತಾಯಿಯೊಡನೆ ಅಪರಿಚಿತ ಕೋಣೆಗೆ ಕರೆತರುತ್ತಾರೆ. ತಾಯಿ ಎರಡು ಬಾರಿ ಸ್ವಲ್ಪ ಹೊತ್ತು ಹೊರಗೆ ಹೋಗುತ್ತಾಳೆ; ಒಮ್ಮೆ ಮಗು ಪೂರಾ ಒಂಟಿಯಾಗುತ್ತದೆ. ತಾಯಿ ಮರಳಿದಾಗ ಮಗು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡಿ ಅದರ ಬಾಂಧವ್ಯವನ್ನು ಅಳೆಯುತ್ತಾರೆ. ಅಮೆರಿಕದಲ್ಲಿ ಸುಮಾರು ಐದರಲ್ಲಿ ಒಂದು ಮಗು ತಾಯಿಯನ್ನು ಕಂಡೂ ಕಾಣದಂತೆ ದೂರ ಸರಿಯುವ ವರ್ಗಕ್ಕೆ ಸೇರಿತ್ತು. ಇದೇ ಪರೀಕ್ಷೆಯನ್ನು ಕಜುಒ ಮಿಯಾಕೆ ಮತ್ತು ಅವರ ಸಂಗಡಿಗರು ಸಪ್ಪೊರೊದಲ್ಲಿ ನಡೆಸಿದಾಗ ದೂರ ಸರಿಯುವ ಮಗು ಒಂದೂ ಸಿಗಲಿಲ್ಲ. ಬದಲಿಗೆ ಸುಮಾರು ಮೂರನೇ ಒಂದು ಭಾಗ ಮಕ್ಕಳು ಎಷ್ಟು ಸಂತೈಸಿದರೂ ಸುಮ್ಮನಾಗದೆ ಅಳುವ, ‘ಅಭದ್ರ’ ಎಂದು ಕರೆಯಲಾಗುವ ವರ್ಗದಲ್ಲಿ ಬಂದವು. ಹಾಗಾದರೆ ಜಪಾನಿನ ತಾಯಂದಿರ ಪಾಲನೆಯಲ್ಲಿ ದೋಷವಿತ್ತೇ? ಅಲ್ಲಿ ತಾಯಿ ಮಗುವಿನ ಬಳಿಯೇ ಮಲಗುತ್ತಾಳೆ, ಮಗುವನ್ನು ಬೇರೆಯವರ ಕೈಗೆ ಒಪ್ಪಿಸುವುದು ತೀರ ಅಪರೂಪ. ಅಂಥ ಮಗುವಿಗೆ ಅಪರಿಚಿತ ಕೋಣೆಯ ಒಂಟಿತನ ಸಣ್ಣ ಕಷ್ಟವಲ್ಲ. ಪರೀಕ್ಷೆ ಅಳೆದದ್ದು ಬಾಂಧವ್ಯವನ್ನಲ್ಲ, ಮಗುವಿಗೆ ಒದಗಿದ ಭಯದ ತೀವ್ರತೆಯನ್ನು ಎಂಬ ವಾದ ಹುಟ್ಟಿದ್ದು ಹೀಗೆ. 2000ದಲ್ಲಿ ಫ್ರೆಡ್ ರಾತ್‌ಬಾಮ್ ಮತ್ತು ಇತರರು ಇದನ್ನು ಇನ್ನೂ ವಿಸ್ತರಿಸಿ, ಬಾಂಧವ್ಯದ ಸಿದ್ಧಾಂತದಲ್ಲೇ ಪಾಶ್ಚಾತ್ಯ ಮೌಲ್ಯಗಳು ಬೆರೆತಿವೆ ಎಂದು ವಾದಿಸಿದರು.

ಈ ಪಾಠ ಮುಗಿದ ಮೇಲೆ, ಅಡಿಕೆ ತೋಟದ ಮನೆಯಿಂದ ಬಂದ ಹಿರಿಯ ಮಹಿಳೆಯೊಬ್ಬರು ಎದ್ದು ನಿಂತು, “ಅಕ್ಕೋರೇ, ನಮ್ಮ ಮನೆಯಲ್ಲಿ ಮಗು ಹಗಲಿಡೀ ಆಯಿಯ ಬಳಿ ಇರುವುದೇ ಇಲ್ಲ. ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ ಯಾರ ಕೈಗೆ ಸಿಕ್ಕರೂ ನಡೆಯುತ್ತದೆ. ಅದು ಈ ಪರೀಕ್ಷೆಯಲ್ಲಿ ಎಲ್ಲಿ ನಿಲ್ಲುತ್ತದೆ?” ಎಂದು ಕೇಳಿದರು. ತರಗತಿಯಲ್ಲಿ ಕೇಳಿಬಂದ ಅತ್ಯುತ್ತಮ ಪ್ರಶ್ನೆ ಇದು. ಇಬ್ಬರ ನಡುವಿನ ಬಾಂಧವ್ಯವನ್ನು ಅಳೆಯಲು ಕಟ್ಟಿದ ಪರೀಕ್ಷೆ ಹಲವು ತೋಳುಗಳಲ್ಲಿ ಬೆಳೆಯುವ ಮಗುವಿನ ಬಗ್ಗೆ ಎಷ್ಟು ಹೇಳಬಲ್ಲದು ಎಂಬುದು ಇಡೀ ಒಂದು ಭಾನುವಾರಕ್ಕೆ ಸಾಲುವ ವಿಷಯ. ಉಪನ್ಯಾಸಕಿ ಅದನ್ನು ಮೆಚ್ಚಿಕೊಂಡರೇ ಹೊರತು ಬೆಳೆಸಲಿಲ್ಲ.

ಬಾಲವಾಡಿಯ ಪಾಠವನ್ನು ಅಂಗನವಾಡಿಯ ಅಕ್ಕೋರುಗಳು ಹಿಡಿದಿಟ್ಟಂತೆ ಕೇಳಿದರು. 1980ರ ದಶಕದಲ್ಲಿ ಜೋಸೆಫ್ ಟೋಬಿನ್ ಮತ್ತು ಸಂಗಡಿಗರು ಕ್ಯೋಟೋದ ಬಾಲವಾಡಿಯೊಂದನ್ನು ಚಿತ್ರೀಕರಿಸಿ, ಅದನ್ನು ಅಮೆರಿಕದ ಶಿಕ್ಷಕಿಯರಿಗೂ ತೋರಿಸಿದ್ದರು. ನಾಲ್ಕು ವರ್ಷದ ಹುಡುಗನೊಬ್ಬ ಎಲ್ಲರನ್ನೂ ಪೀಡಿಸುತ್ತಿದ್ದರೂ ಶಿಕ್ಷಕಿ ಬೇಕೆಂದೇ ಮಧ್ಯೆ ಬರುವುದಿಲ್ಲ. ಮಕ್ಕಳೇ ಅವನನ್ನು ಸರಿದಾರಿಗೆ ತರಲು ಕಲಿಯಲಿ ಎಂಬುದು ಅವಳ ನಿಲುವು. ಅಮೆರಿಕದವರಿಗೆ ಅದು ಹೊಣೆಗೇಡಿತನವಾಗಿ ಕಂಡಿತು. ಒಬ್ಬ ಶಿಕ್ಷಕಿಗೆ ಮೂವತ್ತರ ಹತ್ತಿರ ಮಕ್ಕಳಿರುವುದನ್ನು ಕಂಡು ಅವರು ಗಾಬರಿಯಾದರೆ, ಮಕ್ಕಳು ತೀರ ಕಡಿಮೆಯಾದರೆ ಅವರು ಒಬ್ಬರೊಡನೊಬ್ಬರು ಬಾಳುವುದನ್ನು ಕಲಿಯದೆ ಶಿಕ್ಷಕಿಗೇ ಅಂಟಿಕೊಳ್ಳುತ್ತಾರೆ ಎಂದು ಜಪಾನಿನವರು ಹೇಳಿದರು. ನನ್ನ ಅನುಭವದಲ್ಲಿ ಈ ಮಾತಿನಲ್ಲಿ ಬಹಳ ಸತ್ಯವಿದೆ. ಹಾಗೆಂದು, ಸೌಕರ್ಯವಿಲ್ಲದ ಕೋಣೆಯಲ್ಲಿ ಮಕ್ಕಳನ್ನು ತುಂಬುವುದಕ್ಕೆ ಇದನ್ನು ಯಾರೂ ಸಮರ್ಥನೆಯಾಗಿ ಬಳಸಬಾರದು. ಅಲ್ಲಿ ಶಿಕ್ಷಕಿ ಸುಮ್ಮನಿರುವುದು ಅಲಕ್ಷ್ಯದಿಂದಲ್ಲ, ಸದಾ ಗಮನವಿಟ್ಟುಕೊಂಡು.

ಶಾಲಾ ವಯಸ್ಸಿಗೆ ಬಂದಾಗ ಹೆರಾಲ್ಡ್ ಸ್ಟೀವನ್ಸನ್ ತಂಡದ ಕೆಲಸವನ್ನು ವಿವರಿಸಿದರು. ಸೆಂಡೈ ಮತ್ತು ಮಿನಿಯಾಪೊಲಿಸ್ ನಗರಗಳ ಐದನೇ ತರಗತಿಗಳ ಗಣಿತವನ್ನು ಹೋಲಿಸಿದಾಗ, ಅಮೆರಿಕದ ಅತ್ಯುತ್ತಮ ತರಗತಿಯ ಸರಾಸರಿಯೂ ಜಪಾನಿನ ಅತ್ಯಂತ ಹಿಂದುಳಿದ ತರಗತಿಯ ಸರಾಸರಿಯನ್ನು ಮುಟ್ಟಿರಲಿಲ್ಲ. ಆದರೂ ಮಗುವಿನ ಕಲಿಕೆಯ ಬಗ್ಗೆ ಹೆಚ್ಚು ತೃಪ್ತರಾಗಿದ್ದವರು ಅಮೆರಿಕದ ತಾಯಂದಿರು. ಯಶಸ್ಸಿಗೆ ಜಪಾನಿನ ತಾಯಂದಿರು ಪರಿಶ್ರಮವನ್ನು ಒತ್ತಿ ಹೇಳಿದರೆ, ಅಮೆರಿಕದ ತಾಯಂದಿರು ಹುಟ್ಟಿನಿಂದ ಬಂದ ಸಾಮರ್ಥ್ಯಕ್ಕೆ ಹೆಚ್ಚು ತೂಕ ಕೊಟ್ಟರು. ಸ್ಟೀವನ್ ಹೈನ್ ಮತ್ತಿತರರು 2001ರಲ್ಲಿ ಪ್ರಕಟಿಸಿದ ಪ್ರಯೋಗಗಳೂ ಇದಕ್ಕೆ ಹೊಂದುತ್ತವೆ: ಒಂದು ಕೆಲಸದಲ್ಲಿ ಸೋತ ಮೇಲೆ ಜಪಾನಿನ ವಿದ್ಯಾರ್ಥಿಗಳು ಅದನ್ನೇ ಹೆಚ್ಚು ಹೊತ್ತು ಮುಂದುವರಿಸಿದರೆ, ಉತ್ತರ ಅಮೆರಿಕದವರು ಗೆದ್ದ ಕೆಲಸದಲ್ಲಿ ಹೆಚ್ಚು ಹೊತ್ತು ತೊಡಗಿದರು. “ನಮ್ಮ ಹುಡುಗನಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ” ಎಂದು ಮಗುವಿನ ಎದುರೇ ಹೇಳುವ ಪಾಲಕರು ನಮ್ಮಲ್ಲೂ ಇರುವುದರಿಂದ ಈ ಪಾಠ ಶಾಲೆ ಶಾಲೆಯ ಪಾಲಕರ ಸಭೆಯಲ್ಲಿ ಆಗಬೇಕು.

ಲಿಂಗದ ವಿಷಯದಲ್ಲಿ ತರಗತಿ ನಿರಾಸೆಗೊಳಿಸಿತು. ಜಪಾನಿನಲ್ಲಿ 1985ರಲ್ಲಿ ಸಮಾನ ಉದ್ಯೋಗಾವಕಾಶದ ಕಾನೂನು ಅಂಗೀಕಾರವಾದರೂ ಮದುವೆ, ಹೆರಿಗೆಯ ವಯಸ್ಸಿನಲ್ಲಿ ಹೆಂಗಸರು ಕೆಲಸ ಬಿಟ್ಟು ಮಕ್ಕಳು ದೊಡ್ಡವರಾದ ಮೇಲೆ ಮರಳುವ ರೂಢಿ ಬಹುಕಾಲ ಉಳಿಯಿತು ಎಂಬುದನ್ನು ಹೇಳಿದರು. ಅಮೆರಿಕದಲ್ಲಿ 1993ರ ಕಾನೂನಿನಂತೆ ಸಿಗುವುದು ಹನ್ನೆರಡು ವಾರಗಳ ಸಂಬಳವಿಲ್ಲದ ರಜೆ, ಅದೂ ಅರ್ಹತೆಯಿದ್ದ ನೌಕರರಿಗೆ ಮಾತ್ರ ಎಂಬುದೂ ಬಂತು. ಆದರೆ ಇವು ಕಾನೂನಿನ ವಿವರಗಳು. ಮೊದಲ ಪಾಠಗಳಲ್ಲಿ ‘ತಾಯಿ’ ಎಂದೇ ಎಲ್ಲೆಡೆ ಹೇಳಿ, ತಂದೆಯನ್ನು ಆ ಅಧ್ಯಯನಗಳು ಏಕೆ ಕೇಳಲಿಲ್ಲ ಎಂಬ ಪ್ರಶ್ನೆಯನ್ನು ಇಲ್ಲಿಯೂ ಎತ್ತದಿದ್ದುದು ದೊಡ್ಡ ಕೊರತೆ. ಕೇಳಲು ಬಂದವರಲ್ಲಿ ಗಂಡಸರು ತೀರ ಕಡಿಮೆಯಿದ್ದುದರಿಂದ ಆ ಪ್ರಶ್ನೆ ಕೋಣೆಯೊಳಗೇ ಇತ್ತು.

ವೃದ್ಧಾಪ್ಯದ ಪಾಠ ಈ ಬೇಸರವನ್ನು ಬಹುಮಟ್ಟಿಗೆ ಕಳೆಯಿತು. ಅಮೆರಿಕದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಮತ್ತು ಜಪಾನಿನ 482 ಜನರನ್ನು ಹೋಲಿಸಿದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಾನು ಇನ್ನೂ ಬೆಳೆಯುತ್ತಿದ್ದೇನೆ ಎಂಬ ಭಾವನೆ ಜಪಾನಿನಲ್ಲಿ ನಡುವಯಸ್ಸಿನವರಿಗಿಂತ ಹಿರಿಯರಲ್ಲಿ ಹೆಚ್ಚಿತ್ತು. ಅಮೆರಿಕದಲ್ಲಿ ಇದು ತಿರುವುಮುರುವಾಗಿತ್ತು. ಆದರೆ ಬದುಕಿಗೊಂದು ಗುರಿಯಿದೆ ಎಂಬ ಭಾವನೆ ಎರಡೂ ದೇಶಗಳ ಹಿರಿಯರಲ್ಲಿ ಕಡಿಮೆಯೇ. ಈ ಎರಡನೆಯ ಮಾತನ್ನು ಮುಚ್ಚಿಡದೆ ಹೇಳಿದ್ದಕ್ಕೆ ಉಪನ್ಯಾಸಕಿಯ ಬಗ್ಗೆ ನನ್ನ ಗೌರವ ಹೆಚ್ಚಿತು. ಮಕ್ಕಳೆಲ್ಲ ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ ಇಬ್ಬರೇ ಹಿರಿಯರು ತೋಟ, ದನ, ದೊಡ್ಡ ಮನೆಯನ್ನು ನೋಡಿಕೊಂಡಿರುವುದು ಮಲೆನಾಡಿನ ನಮ್ಮ ಊರುಗಳಲ್ಲಿ ಹೊಸತಲ್ಲ. ಹಿರಿಯರಿಗೆ ಕೊಡುವ ಗೌರವವೊಂದರಿಂದಲೇ ಅವರ ದಿನಗಳು ತುಂಬುವುದಿಲ್ಲ ಎಂಬುದನ್ನು ಆ ಅಂಕಿಗಳು ಮೃದುವಾಗಿ, ಆದರೆ ಸ್ಪಷ್ಟವಾಗಿ ತಿಳಿಸಿದವು. ಆ ದಿನದ ಚರ್ಚೆಯನ್ನು ಬಸ್ಸಿನ ಹೊತ್ತು ಮೀರಿದರೂ ಯಾರೂ ನಿಲ್ಲಿಸಲಿಲ್ಲ.

ಒಂದು ಗಂಭೀರ ಆಕ್ಷೇಪವಿದೆ. ಜಪಾನಿನವರು ಗುಂಪನ್ನೂ ಅಮೆರಿಕದವರು ವ್ಯಕ್ತಿಯನ್ನೂ ಮುಂದಿಡುತ್ತಾರೆ ಎಂಬ ಮಾತನ್ನು ತರಗತಿ ಸಂಶಯವಿಲ್ಲದ ಸತ್ಯವೆಂಬಂತೆ ಮಂಡಿಸಿತು. ಎರಡೂ ದೇಶಗಳನ್ನು ಹೋಲಿಸಿದ ಅಧ್ಯಯನಗಳನ್ನು ಪರಿಶೀಲಿಸಿ ಈ ಸಾಮಾನ್ಯ ನಂಬಿಕೆಗೆ ಸಾಕಷ್ಟು ಆಧಾರವಿಲ್ಲವೆಂದು ತಕಾನೊ ಮತ್ತು ಒಸಾಕಾ ಎಂಬ ಜಪಾನಿ ವಿದ್ವಾಂಸರೇ 1999ರಲ್ಲಿ ಬರೆದಿದ್ದಾರೆ. ಅದನ್ನು ಒಮ್ಮೆಯಾದರೂ ಹೇಳಬೇಕಿತ್ತು. ಸಪ್ಪೊರೊ, ಸೆಂಡೈ, ಮಿನಿಯಾಪೊಲಿಸ್ ಇವೆಲ್ಲ ನಗರಗಳು. ಅಲ್ಲಿನ ಮಕ್ಕಳಿಂದ ಇಡೀ ದೇಶದ ಸ್ವಭಾವವನ್ನು ಹೇಳಲು ಹೊರಡುವಾಗ ಎಚ್ಚರ ಬೇಕು. ನಮ್ಮ ಜಿಲ್ಲೆಯಲ್ಲೇ ಕೈಗಾ ಟೌನ್‌ಶಿಪ್ಪಿನ ಮಗು, ಅಂಕೋಲೆಯ ಹಾಲಕ್ಕಿ ಕೇರಿಯ ಮಗು, ಯಲ್ಲಾಪುರದ ಸಿದ್ದಿ ಮನೆಯ ಮಗು ಒಂದೇ ರೀತಿಯಲ್ಲಿ ಬೆಳೆಯುವುದಿಲ್ಲ ಎಂಬುದು ಕೇಳುಗರೆಲ್ಲರಿಗೂ ಗೊತ್ತಿತ್ತು.

ವ್ಯವಸ್ಥೆ ಅಚ್ಚುಕಟ್ಟಾಗಿತ್ತು. ಮುದ್ರಿತ ಟಿಪ್ಪಣಿ ಸರಳ ಕನ್ನಡದಲ್ಲಿದೆ, ಅಕ್ಷರಗಳು ಹಿರಿಯರೂ ಓದುವಷ್ಟು ದೊಡ್ಡದಾಗಿವೆ. ಮಳೆ ಜೋರಾದಾಗ ತಗಡಿನ ಮಾಡಿನ ಸದ್ದಿನಲ್ಲಿ ಹಿಂದಿನ ಸಾಲಿಗೆ ಮಾತು ಕೇಳುತ್ತಿರಲಿಲ್ಲ, ಆದ್ದರಿಂದ ಮೈಕ್ ಅಗತ್ಯ. ಮುಂದಿನ ತರಗತಿಗಳು ಕಾರವಾರದಲ್ಲಿ ನಡೆಯಲಿವೆ ಎಂದು ಸಂಘಟಕರು ತಿಳಿಸಿದ್ದಾರೆ. ಎಳೆಯ ಮಕ್ಕಳ ಜೊತೆ ಕೆಲಸ ಮಾಡುವವರು ಮತ್ತು ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೊರಡುವವರು ತಪ್ಪದೆ ಸೇರಬೇಕು. ಗಂಡ ಹೆಂಡತಿ ಇಬ್ಬರೂ ಸೇರಿದರೆ ಒಬ್ಬರ ಶುಲ್ಕದಲ್ಲಿ ಅರ್ಧ ಬಿಡುವ ಏರ್ಪಾಡನ್ನು ಸಂಘಟಕರು ಅಲ್ಲಿಯಾದರೂ ಮಾಡಲಿ ಎಂದು ಅವರಿಗೆ ಬರೆದು ಕೊಟ್ಟಿದ್ದೇನೆ.